ಈ ವರ್ಷದ ಗಾಳಿ, ಈ ಶತಮಾನದ ಕಾವು



ಇಂದು ಪದವಿ ಪಡೆಯುತ್ತಿರುವ ನೀವು ಈ ನಿಲುವಂಗಿ ಕಳಚಿಟ್ಟು ಊರಿಗೆ ಹೋದ ಕೂಡಲೇ ನಿಮಗೆ ಎದುರಾಗುವ ಮೊದಲ ಪ್ರಶ್ನೆ ಕೆಲಸದ್ದು, ಎರಡನೆಯದು ಮದುವೆಯದು. ಅವೆರಡಕ್ಕೂ ನನ್ನಲ್ಲಿ ಉತ್ತರವಿಲ್ಲ. ಮೂರನೆಯದು ಮಳೆಯದು. ‘ನೀವು ಓದಿದೋರು, ಹೇಳಿ, ಆರಿದ್ರಾ ಮಳೆ ಯಾಕೆ ಕೈಕೊಡ್ತು?’ ಇದಕ್ಕೆ ಈಗ ಎಲ್ಲರ ಬಾಯಲ್ಲೂ ಒಂದು ಸಿದ್ಧ ಉತ್ತರವಿದೆ: ಹವಾಮಾನ ಬದಲಾವಣೆ. ಮಳೆ ಸುರಿದರೂ ಅದೇ, ಬಾರದಿದ್ದರೂ ಅದೇ. ಕೃಷಿ ಓದಿದ ನೀವೂ ಅಷ್ಟನ್ನೇ ಹೇಳಿ ಕೈತೊಳೆದುಕೊಂಡರೆ ನನಗೆ ಬೇಸರವಾಗುತ್ತದೆ.

ಗಾಳಿಯಿಂದಲೇ ಶುರುಮಾಡೋಣ. ಸಮಭಾಜಕದ ಆಸುಪಾಸಿನಲ್ಲಿ ಬಿಸಿಲು ಹೆಚ್ಚು, ಧ್ರುವಗಳಲ್ಲಿ ಕಡಿಮೆ. ಈ ಏರುಪೇರು ಇರುವವರೆಗೆ ಗಾಳಿಗೂ ಕಡಲಿಗೂ ಬಿಡುವಿಲ್ಲ. 1735ರಲ್ಲಿ ಜಾರ್ಜ್ ಹ್ಯಾಡ್ಲಿ ಎಂಬ ಇಂಗ್ಲೆಂಡಿನ ವಕೀಲ (ವಕೀಲರು ಎಲ್ಲದರಲ್ಲೂ ತಲೆಹಾಕುತ್ತಾರೆ, ಒಮ್ಮೊಮ್ಮೆ ಒಳ್ಳೆಯದೂ ಆಗುತ್ತದೆ) ಇದಕ್ಕೊಂದು ವಿವರಣೆ ಕೊಟ್ಟ. ಅವನ ಹೆಸರು ಹೊತ್ತಿರುವ ಪರಿಚಲನೆಯಲ್ಲಿ ತೇವ ತುಂಬಿದ ಬಿಸಿಗಾಳಿ ಸಮಭಾಜಕದ ಬಳಿ ಮೇಲೇರಿ, ಮಳೆ ಸುರಿಸಿ, ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಧ್ರುವಗಳ ಕಡೆ ಹೊರಡುತ್ತದೆ. 30 ಡಿಗ್ರಿ ಅಕ್ಷಾಂಶದ ಸುಮಾರಿಗೆ ಒಣಗಾಳಿಯಾಗಿ ಕೆಳಗಿಳಿಯುತ್ತದೆ. ಏರುವಲ್ಲಿ ಕಾಂಗೋ, ಅಮೆಜಾನ್ ಕಾಡುಗಳು. ಇಳಿಯುವಲ್ಲಿ ಸಹಾರಾ, ಅರೇಬಿಯಾದ ಮರಳು. ನೆಲಮಟ್ಟದಲ್ಲಿ ಹಿಂದಿರುಗುವ ಗಾಳಿಯನ್ನು ಭೂಮಿಯ ತಿರುಗುವಿಕೆ ಪಶ್ಚಿಮಕ್ಕೆ ಬಾಗಿಸುತ್ತದೆ. ಹಾಯಿಹಡಗುಗಳು ನೆಚ್ಚಿಕೊಂಡಿದ್ದ ವಾಣಿಜ್ಯ ಮಾರುತ ಅದೇ.

ನಮ್ಮ ಮುಂಗಾರಿಗೂ ಇದಕ್ಕೂ ಏನು ಸಂಬಂಧ? ನೆಲ ಕಾಯುತ್ತದೆ, ಕಡಲಿನ ಗಾಳಿ ಒಳನುಗ್ಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೀರಿ. ಎಡ್ಮಂಡ್ ಹ್ಯಾಲಿ 1686ರಲ್ಲೇ ಹೇಳಿದ ಮಾತದು. ಆದರೆ ನಮ್ಮ ನೆಲ ಕೆಂಡವಾಗುವುದು ಮೇ ತಿಂಗಳಲ್ಲಿ, ಮಳೆಯ ಅಬ್ಬರ ಜುಲೈನಲ್ಲಿ. ಬರಗಾಲದ ವರ್ಷದ ನೆಲ ಒಳ್ಳೆ ಮಳೆಯ ವರ್ಷದ ನೆಲಕ್ಕಿಂತ ಹೆಚ್ಚು ಬಿಸಿಯಾಗಿರುತ್ತದೆ. ಕಾವೊಂದೇ ಮಳೆ ತರುವಂತಿದ್ದರೆ ಬರವೇ ಬರಬಾರದಿತ್ತಲ್ಲ! 1980ರಲ್ಲಿ ಹವಾಮಾನ ವಿಜ್ಞಾನಿ ಡಿ.ಆರ್. ಸಿಕ್ಕಾ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಉಪಗ್ರಹ ಚಿತ್ರಗಳನ್ನು ದಿನದಿನವೂ ಹೋಲಿಸಿ ನೋಡಿದರು. ಅವರಿಗೆ ಕಂಡದ್ದು ಇದು: ಸಮಭಾಜಕದ ಬಳಿ ಗಾಳಿ ಏರುವಲ್ಲಿನ ಮೋಡದ ಪಟ್ಟಿಯೇ ಮಳೆಗಾಲದಲ್ಲಿ ನಮ್ಮ ನೆಲದ ಮೇಲಕ್ಕೆ ಸರಿದಿರುತ್ತದೆ. ಕಡಲಿನ ಮೇಲೆ ಹೊಸ ಪಟ್ಟಿಗಳು ಮತ್ತೆ ಮತ್ತೆ ಹುಟ್ಟಿ ಉತ್ತರಕ್ಕೆ ಸಾಗುತ್ತವೆ. ಅಂದಮೇಲೆ ಮುಂಗಾರು ನಮ್ಮ ಉಪಖಂಡದ ಸ್ವಂತ ಆಸ್ತಿಯಲ್ಲ, ಇಡೀ ಭೂಗೋಳದ ಗಾಳಿಯಲ್ಲಿ ನಮಗೆ ಬಂದ ಪಾಲು.

ಹಾಗಾಗಿ ದೂರದ ಶಾಂತಸಾಗರದ ನೀರು ಬಿಸಿಯೇರಿದರೆ, ಅಂದರೆ ಎಲ್ ನಿನೊ ಬಂದರೆ, ನಮ್ಮ ಮಳೆಗೆ ಪೆಟ್ಟು. ಅದೂ ಪ್ರತಿ ಸಲವಲ್ಲ. 1997ರ ಎಲ್ ನಿನೊ ಆ ಶತಮಾನದ ಅತಿ ಪ್ರಬಲ ಎಲ್ ನಿನೊಗಳಲ್ಲಿ ಒಂದು. ಆದರೂ ದೇಶಕ್ಕೆ ವಾಡಿಕೆಯಷ್ಟು ಮಳೆಯಾಯಿತು. 2002ರದ್ದು ಅದಕ್ಕಿಂತ ಎಷ್ಟೋ ಸಪ್ಪೆ. ಆದರೆ ಆ ಜುಲೈಯಲ್ಲಿ ಬಂದದ್ದು ವಾಡಿಕೆಯ ಅರ್ಧ ಮಳೆ. ವ್ಯತ್ಯಾಸ ನಮ್ಮ ಹಿಂದೂ ಮಹಾಸಾಗರದಲ್ಲೇ ಇತ್ತು. ಸಮಭಾಜಕದ ಮೇಲೆ ಆಫ್ರಿಕಾದ ಕಡೆ ಮೋಡ ದಟ್ಟೈಸಿದರೆ ನಮಗೆ ಅನುಕೂಲ, ಸುಮಾತ್ರಾದ ಕಡೆ ದಟ್ಟೈಸಿದರೆ ಕಷ್ಟ. ಇದನ್ನು ಎತ್ತಿ ತೋರಿಸಿದವರೂ ಗಾಡ್ಗೀಳ್ ಮತ್ತು ಅವರ ಸಂಗಡಿಗರೇ.

ಇದೆಲ್ಲ ಹಂಚಿಕೆಯ ಕಥೆ. ಮದುವೆ ಊಟದಲ್ಲಿ ಒಂದು ಪಂಕ್ತಿಗೆ ಪಾಯಸ ಎರಡು ಸಲ ಬಂತು, ಇನ್ನೊಂದಕ್ಕೆ ಬರಲೇ ಇಲ್ಲ ಎಂದರೆ ಬಡಿಸುವವರನ್ನು ಕೇಳಬೇಕು. ಒಲೆಯ ಉರಿಯೇ ವಿಪರೀತವಾಗಿದೆ ಎಂದರೆ ಅಡುಗೆಮನೆಗೇ ಹೋಗಬೇಕು. ಗಾಳಿ ಕಾವನ್ನು ಹಂಚುತ್ತದೆ, ಹುಟ್ಟಿಸುವುದಿಲ್ಲ. ಹಾಗಾದರೆ ಭೂಮಿಯ ಒಟ್ಟು ಕಾವು ಏಕೆ ಏರುತ್ತಿದೆ?

ಸೂರ್ಯನೇ ಕಾರಣ ಎನ್ನುವವರಿದ್ದಾರೆ. ಬಿಸಿಲೇ ಹೆಚ್ಚಿದ್ದರೆ ವಾಯುಮಂಡಲ ಮೇಲಿನಿಂದ ಕೆಳಗಿನವರೆಗೆ ಕಾಯಬೇಕಿತ್ತು. ಅಳತೆಗಳು ಹೇಳುವುದೇ ಬೇರೆ: ನಾವು ಉಸಿರಾಡುವ ಕೆಳಪದರ ಬಿಸಿಯೇರುತ್ತಿದೆ, ಅದರ ಮೇಲಿನ ಪದರ ತಣಿಯುತ್ತಿದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಹೀಗೇ ಆಗುತ್ತದೆಂದು ಸುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ 1967ರಲ್ಲೇ ಲೆಕ್ಕಹಾಕಿದ್ದರು. ಮನಾಬೆಗೆ ನೊಬೆಲ್ ಬಂದದ್ದು 2021ರಲ್ಲಿ. ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳೆಯತೊಡಗಿದಾಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಈ ಅನಿಲ ಸುಮಾರು 315 ಭಾಗವಿತ್ತು. ಈಗ 420 ದಾಟಿದೆ. ಕೈಗಾರಿಕೆಗಳಿಗೆ ಮುಂಚೆ ಇದ್ದದ್ದು 280. ಹೆಚ್ಚಿದ್ದು ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್‌ಗಳಿಂದಲೇ ಎನ್ನುವುದಕ್ಕೂ ಗುರುತಿದೆ. ಕೋಟ್ಯಂತರ ವರ್ಷ ನೆಲದಡಿ ಇದ್ದ ಇಂಗಾಲದಲ್ಲಿ ವಿಕಿರಣಶೀಲ ಇಂಗಾಲ-14 ಉಳಿದಿರುವುದಿಲ್ಲ, ಅದು ಬೆರೆತಷ್ಟೂ ಗಾಳಿಯಲ್ಲಿನ ಇಂಗಾಲ-14ರ ಪಾಲು ತೆಳುವಾಗುತ್ತದೆ.

ಉರಿ ಹೆಚ್ಚಿದರೆ ಬಡಿಸುವ ರೀತಿಯೂ ಬದಲಾಗುತ್ತದೆ. ಒಂದು ಡಿಗ್ರಿ ಏರಿದರೆ ಗಾಳಿ ಹಿಡಿದಿಡಬಲ್ಲ ನೀರಾವಿ ಸುಮಾರು ಶೇ. 7ರಷ್ಟು ಹೆಚ್ಚು. ಹಾಗಾಗಿ ಸುರಿದರೆ ಧೋ ಎಂದು ಸುರಿಯುತ್ತದೆ. ಹ್ಯಾಡ್ಲಿ ಪರಿಚಲನೆಯ ಅಂಚು ಧ್ರುವಗಳ ಕಡೆಗೆ ಸರಿಯುತ್ತಿದೆ, ಅದರೊಂದಿಗೆ ಒಣ ಪಟ್ಟಿಗಳೂ. ನಮ್ಮದೇ ಹೊಗೆ, ಮಸಿ, ದೂಳು ಬಿಸಿಲನ್ನು ತಡೆದು ಈ ಕಾವಿನ ಒಂದಷ್ಟು ಪಾಲನ್ನು ಮರೆಮಾಚಿವೆ, ಮುಂಗಾರನ್ನೂ ಬಡವಾಗಿಸಿವೆ. ಗಾಳಿ ಶುದ್ಧವಾದರೆ ಅಡಗಿದ್ದ ಕಾವು ಹೊರಬರುತ್ತದೆ. ಹಾಗೆಂದು ಹೊಗೆ ಕುಡಿಯುತ್ತಾ ಕೂರಲಾಗುವುದಿಲ್ಲ.

ಊರಿನವರಿಗೆ ಏನು ಹೇಳುವಿರಿ? ಎರಡು ಪ್ರಶ್ನೆಗಳನ್ನು ಬಿಡಿಸಿ ಹೇಳಿ. ಈ ಸಲದ ಆರಿದ್ರಾ ಕೈಕೊಟ್ಟದ್ದಕ್ಕೆ ಈ ವರ್ಷದ ಕಡಲು, ಮೋಡಗಳನ್ನು ನೋಡಬೇಕು. ಮೂವತ್ತು ವರ್ಷಗಳ ಏರಿಕೆಗೆ ನಾವು ಸುಟ್ಟ ಇಂಧನವನ್ನು ನೋಡಬೇಕು. ಎರಡೂ ಕೂಡಿಕೊಂಡದ್ದು ಎಷ್ಟು ಎಂಬುದಕ್ಕೆ ಲೆಕ್ಕ ಬೇಕು, ಊಹೆ ಸಾಲದು. ಮುಂಗಾರಿನ ಸಿದ್ಧಾಂತ ಕಟ್ಟಿದ ಗಾಡ್ಗೀಳ್ ಅವರೇ ಪಾವಗಡದ ಕಡಲೆಕಾಯಿ ಬೆಳೆಗಾರರ ಜೊತೆಗೂ ಕೆಲಸ ಮಾಡಿದರು. ಯಾವಾಗ ಬಿತ್ತಿದರೆ ಕಾಯಿ ಕಟ್ಟುವ ಹೊತ್ತಿಗೆ ತೇವ ತಪ್ಪುವ ಸಂಭವ ಕಡಿಮೆ ಎಂದು ದಶಕಗಳ ಮಳೆ ಲೆಕ್ಕ ತೆಗೆಸಿದರು. ನಿಮ್ಮ ಹೋಬಳಿಯ ಮಳೆ ಲೆಕ್ಕವೂ ಸರ್ಕಾರದ ಬಳಿ ಇದೆ. ಹೋದ ಕೂಡಲೇ ಅದನ್ನು ತರಿಸಿಕೊಳ್ಳಿ, ಬಿತ್ತುವವರ ಜೊತೆ ಕೂತು ಓದಿ.