ಯಾವ ಜಾಹೀರಾತು, ಯಾವ ಜಾಗದಲ್ಲಿ?

ವೆಬ್‌ಸೈಟ್ ನಡೆಸೋ ಗೆಳೆಯರೆಲ್ಲ ನನ್ನ ಹತ್ರ ಕೇಳೋದು ಒಂದೇ: ಯಾವ ಜಾಹೀರಾತಿಗೆ ಹೆಚ್ಚು ದುಡ್ಡು ಬರುತ್ತೆ? ನಾನು ಬಿಕಾಂ ಓದಿದವನು, ಲೆಕ್ಕದಿಂದಲೇ ಶುರು ಮಾಡ್ತೀನಿ.

ಸ್ಕ್ರೀನ್ ಪೂರ್ತಿ ಮುಚ್ಚೋ ಜಾಹೀರಾತಿಗೆ ಸಾವಿರ ಪೇಜ್ ವ್ಯೂಗೆ 40 ರೂಪಾಯಿ ಅಂದ್ಕೊಳ್ಳಿ. ಬಂದ ಸಾವಿರ ಜನ ಬೇಜಾರಾಗಿ ಒಂದೇ ಪೇಜ್ ನೋಡಿ ಹೋದ್ರೆ ಸಿಕ್ಕಿದ್ದು 40. ಲೇಖನದ ಮಧ್ಯೆ 300 ಬೈ 250 ಬಾಕ್ಸ್ ಇಟ್ರೆ ಬರೀ 20 ರೂಪಾಯಿ. ಆದ್ರೆ ಅದೇ ಜನ ತಲಾ ಮೂರು ಪೇಜ್ ಓದಿದ್ರೆ? 60 ರೂಪಾಯಿ! ಅಂಗಡಿ ಬಾಗಿಲಿಗೆ ಅಡ್ಡ ನಿಂತ್ರೆ ಗಿರಾಕಿ ಒಳಗೆ ಬರ್ತಾರಾ ಹೇಳಿ.

ಜಾಗ ಕೂಡ ಮುಖ್ಯ. ಬ್ಯಾನರ್‌ನ ಅರ್ಧ ಭಾಗ ಕನಿಷ್ಠ ಒಂದು ಸೆಕೆಂಡ್ ಕಂಡ್ರೆ ಮಾತ್ರ 'ನೋಡಬಹುದಾಗಿತ್ತು' ಅಂತ ಲೆಕ್ಕ. ತೀರಾ ಮೇಲಿಟ್ಟಿದ್ದು ಬೆರಳು ಆಡಿಸಿದ ಕೂಡಲೇ ಸರಿದು ಹೋಗುತ್ತೆ. ಎರಡು ಪ್ಯಾರಾ ಆದ್ಮೇಲೆ ಇಟ್ಟು ನೋಡಿ.

ಹಾಗಂತ ತುಂಬಿಸಬೇಡಿ. ಮೊಬೈಲ್‌ನಲ್ಲಿ ಲೇಖನದ ಎತ್ತರದ ಶೇ 30ಕ್ಕಿಂತ ಹೆಚ್ಚು ಜಾಹೀರಾತಿದ್ರೆ ಅದು ಕಿರಿಕಿರಿಯ ಪಟ್ಟಿಗೆ ಸೇರುತ್ತೆ. ಇಂಥದ್ದನ್ನ ಬಿಡದೆ ಮುಂದುವರಿಸೋ ಸೈಟ್‌ಗಳ ಎಲ್ಲಾ ಜಾಹೀರಾತನ್ನೂ ಕ್ರೋಮ್ ತಡೆಯಬಹುದು. 2019ರ ಜುಲೈಯಿಂದ ಈ ನಿಯಮ ಇಡೀ ಜಗತ್ತಿಗೆ.

ಅರ್ಧ ಓದುಗರಿಗೆ ಒಂದು ಜಾಗ, ಉಳಿದರ್ಧಕ್ಕೆ ಇನ್ನೊಂದು. ಸಾವಿರ ಭೇಟಿಗೆ ಎಷ್ಟು ಬಂತು ಅಂತ ಹೋಲಿಸಿ. ದರ ನೋಡ್ಬೇಡಿ, ಓದುಗರು ಉಳಿದ್ರಾ ನೋಡಿ. ಮುಂದಿನ ವಾರ ಸಿಗೋಣ.