ಯಾವ ಕಾಯಿಲೆಗೆ ಸಾಲ, ಯಾವುದಕ್ಕೆ ದಾನ



ಕಾಯಿಲೆ ಬಿದ್ದ ಮನೆಗೆ ಸಮುದಾಯವೇ ಹಣ ಕೂಡಿಸಿ ಬಡ್ಡಿಯಿಲ್ಲದೆ ಸಣ್ಣ ಸಾಲ ಕೊಡುವ ವ್ಯವಸ್ಥೆಯ ಬಗ್ಗೆ ಚರ್ಚಿಸಲು ಸೇರಿದ್ದೇವೆ. ಇಂಥ ವಿಷಯಕ್ಕೆ ಹೊಗಳಿಕೆ ಬಲು ಸುಲಭವಾಗಿ ದಕ್ಕುತ್ತದೆ, ಅದನ್ನು ಬದಿಗಿಟ್ಟು ನೇರ ಮಾತಿಗೆ ಬರುತ್ತೇನೆ. ಈ ಸಾಲ ಒಂದು ಮಿತಿಯೊಳಗಿನ ಖರ್ಚಿಗೆ ಬಹಳ ಒಳ್ಳೆಯದು. ಆ ಮಿತಿ ದಾಟಿದರೆ ಬಡ್ಡಿ ಇಲ್ಲದಿದ್ದರೂ ಅದು ಮನೆ ಮುರಿಯುವ ಸಾಲವೇ. ಹಾಗಾಗಿ ನಿಧಿ ಕಟ್ಟುವವರು ಮೊದಲು ಬರೆದುಕೊಳ್ಳಬೇಕಾದ ನಿಯಮ ಬಡ್ಡಿಗೆ ಸಂಬಂಧಿಸಿದ್ದಲ್ಲ. ಎಲ್ಲಿಯವರೆಗೆ ಸಾಲ, ಎಲ್ಲಿಂದಾಚೆ ದಾನ ಎಂಬುದೇ ಮೊದಲ ನಿಯಮವಾಗಬೇಕು.

ಸರ್ಕಾರಿ ವಿಮೆ ಇರುವಾಗ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ರಾಷ್ಟ್ರೀಯ ಆರೋಗ್ಯ ಲೆಕ್ಕಗಳ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಜೇಬಿನಿಂದ ಭರಿಸುವ ಪಾಲು 2013-14ರಲ್ಲಿ ಶೇ. 64.2 ಇತ್ತು, 2021-22ಕ್ಕೆ ಅದು ಶೇ. 39.4ಕ್ಕೆ ಇಳಿದಿದೆ. ಇಳಿಕೆ ದೊಡ್ಡದೇ, ಆದರೆ ಉಳಿದದ್ದೂ ಸಣ್ಣದಲ್ಲ. ಕರ್ನಾಟಕದಲ್ಲಿ 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಆರಂಭವಾದ ಯಶಸ್ವಿನಿ ಮುಖ್ಯವಾಗಿ ಶಸ್ತ್ರಚಿಕಿತ್ಸೆಯ ಯೋಜನೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಕೊಡುತ್ತದೆ, ಅದೂ ಆಸ್ಪತ್ರೆಗೆ ದಾಖಲಾದವರ ಚಿಕಿತ್ಸೆಗೆ. ಆದರೆ ಕಾಯಿಲೆ ಏನೆಂದು ಗೊತ್ತಾಗುವ ಮುಂಚಿನ ವಾರಗಳ ತಪಾಸಣೆ, ತಿಂಗಳು ತಿಂಗಳು ಮೆಡಿಕಲ್ ಶಾಪಿನಲ್ಲಿ ಕೊಳ್ಳುವ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ, ಜಿಲ್ಲಾ ಕೇಂದ್ರಕ್ಕೋ ಬೆಂಗಳೂರಿಗೋ ಓಡಾಡುವ ಖರ್ಚು, ಜೊತೆಗೆ ನಿಂತವರ ಊಟ, ತಪ್ಪಿಹೋದ ಕೂಲಿ, ಇವುಗಳಿಗೆ ಕಾರ್ಡು ತೋರಿಸಿದರೆ ಆಗುವುದಿಲ್ಲ. ಹತ್ತು, ಇಪ್ಪತ್ತು ಸಾವಿರದ ಈ ಹಣ ಅದೇ ದಿನ ಕೈಗೆ ಬೇಕು. ಬರುವುದು ಓಲೆ, ಬಳೆ ಅಡವಿಟ್ಟು, ಇಲ್ಲವೇ ತಿಂಗಳಿಗೆ ನೂರಕ್ಕೆ ಐದರ ಬಡ್ಡಿಗೆ.

ಆ ಬಡ್ಡಿಯ ಲೆಕ್ಕವನ್ನೇ ಹಾಕಿ ನೋಡೋಣ. ಇಪ್ಪತ್ತು ಸಾವಿರಕ್ಕೆ ನೂರಕ್ಕೆ ಐದರಂತೆ ತಿಂಗಳ ಬಡ್ಡಿ ಒಂದು ಸಾವಿರ. ತಿಂಗಳಿಗೆ ಸಾವಿರವಷ್ಟೇ ಉಳಿಸಬಲ್ಲ ಮನೆ ಎಷ್ಟು ವರ್ಷ ಕಟ್ಟಿದರೂ ಅಸಲು ಒಂದು ರೂಪಾಯಿಯೂ ಕರಗುವುದಿಲ್ಲ. ಅದೇ ಸಾವಿರ ಬಡ್ಡಿಯಿಲ್ಲದ ಸಾಲಕ್ಕೆ ಕಂತಾದರೆ ಇಪ್ಪತ್ತು ತಿಂಗಳಿಗೆ ಋಣ ತೀರುತ್ತದೆ. ಬಡ್ಡಿರಹಿತ ಸಾಲದ ಪರವಾಗಿ ಇದಕ್ಕಿಂತ ಗಟ್ಟಿಯಾದ ವಾದ ನನಗೆ ಕಾಣದು. ಆದರೆ ಸಾಲ ಎರಡು ಲಕ್ಷವಾದರೆ? ಅದೇ ಕಂತಿನಲ್ಲಿ ಇನ್ನೂರು ತಿಂಗಳು, ಅಂದರೆ ಹದಿನಾರು ವರ್ಷಕ್ಕೂ ಹೆಚ್ಚು. ಅಷ್ಟು ಕಾಲ ದುಡಿಯಬೇಕಾದವರು ಕಾಯಿಲೆಯಿಂದ ಎದ್ದವರು, ಅಥವಾ ಏಳದೇ ಹೋದವರ ಮಕ್ಕಳು. ಕಿರುಸಾಲ ಪಡೆದ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ಅದರ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಗೆರೆ ಎಳೆಯಿತು. ವ್ಯಾಪಾರಕ್ಕೆ ಎತ್ತಿದ ಸಾಲಕ್ಕೆ ಆ ಗೆರೆ ಸರಿಯಿರಬಹುದು. ದುಡಿಯುವ ಕೈಯೇ ಮಲಗಿರುವ ಮನೆಗೆ ಅದು ತೀರಾ ಉದಾರ. ನನ್ನ ಎಣಿಕೆಯಲ್ಲಿ ಕಂತು ಆದಾಯದ ಹತ್ತರಲ್ಲೊಂದು ಭಾಗ, ಅವಧಿ ಎರಡು ವರ್ಷ. ಇದರೊಳಗೆ ತೀರದ ಮೊತ್ತವನ್ನು ಸಾಲವೆಂದು ಕೊಡಲೇಬಾರದು.

ಕಾಯಿಲೆಯ ಸಾಲ ಆದಾಯ ತರುವುದಿಲ್ಲ, ಹಸುವಿಗೋ ಹೊಲಿಗೆ ಯಂತ್ರಕ್ಕೋ ಕೊಟ್ಟರೆ ಮರುಪಾವತಿಗೆ ದಾರಿಯಿರುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಹಸು ಕೊಂಡವರ ಮನೆಯಲ್ಲಿ ಜ್ವರ ಬಂದರೆ ಮೊದಲು ಮಾರಾಟವಾಗುವುದು ಹಸುವೇ ಎಂದು ಉತ್ತರಿಸಬಹುದು. ಆದರೂ ಈ ಉತ್ತರವನ್ನು ಅತಿಯಾಗಿ ಎಳೆಯಬಾರದು. ಎಂಬತ್ತರ ಅಜ್ಜಿಯ ಕಣ್ಣಿನ ಚಿಕಿತ್ಸೆಯಿಂದ ಯಾವ ಆದಾಯವೂ ಹುಟ್ಟುವುದಿಲ್ಲ, ಹುಟ್ಟಬೇಕಾಗಿಯೂ ಇಲ್ಲ.

ಹೆಚ್ಚು ತೂಕದ ಪ್ರಶ್ನೆ ಬೇರೆಯಿದೆ: ಬಡ್ಡಿ ಇಲ್ಲವೆಂದರೆ ಖರ್ಚು ಯಾರ ತಲೆಗೆ? ಆನ್‌ಲೈನಿನಲ್ಲಿ ಕಿರುಸಾಲಕ್ಕೆ ಹಣ ಕೂಡಿಸುವ ಕೀವಾ 2005ರಲ್ಲಿ ಶುರುವಾಯಿತು. ಅಲ್ಲಿ ಹಣ ಹಾಕುವವರು ಬಡ್ಡಿ ಪಡೆಯುವುದಿಲ್ಲ, ಆದರೆ ಸಾಲಗಾರರಿಗೆ ಹಣ ತಲುಪಿಸುವ ಬಹುತೇಕ ಸ್ಥಳೀಯ ಸಂಸ್ಥೆಗಳು ಬಡ್ಡಿ ಹಾಕುತ್ತವೆ. ಬಡ್ಡಿಯಿಲ್ಲ ಎನ್ನುವವರನ್ನು ಯಾರಿಗೆ ಇಲ್ಲ ಎಂದು ಕೇಳಲೇಬೇಕು. 2001ರಲ್ಲಿ ಲಾಹೋರಿನಲ್ಲಿ ಆರಂಭವಾದ ಅಖುವತ್‌ನದು ಬೇರೆ ದಾರಿ. ಮಸೀದಿ, ಚರ್ಚುಗಳ ಆವರಣದಲ್ಲೇ ಸಾಲ ವಿತರಿಸಿ ಕಚೇರಿ ಖರ್ಚು ತಗ್ಗಿಸಿತು, ಉಳಿದದ್ದನ್ನು ದೇಣಿಗೆಯಿಂದ ತುಂಬಿಕೊಂಡಿತು. ಅದರ ಸ್ಥಾಪಕ ಅಮ್ಜದ್ ಸಾಕಿಬ್ ಅವರಿಗೆ 2021ರ ಮ್ಯಾಗ್ಸೆಸೆ ಪ್ರಶಸ್ತಿ ಬಂದಿದೆ. ನ್ಯೂಯಾರ್ಕಿನ ಹೀಬ್ರೂ ಫ್ರೀ ಲೋನ್ ಸೊಸೈಟಿ 1892ರಿಂದ ಜಾಮೀನುದಾರರ ಮೇಲೆ ಬಡ್ಡಿಯಿಲ್ಲದ ಸಾಲ ಕೊಡುತ್ತ ಬಂದಿದೆ. ಇಷ್ಟು ಕಾಲ ಬಾಳಿದ ಈ ನಿಧಿಗಳ ಹಿಂದೆ ಮರಳಿ ಕೇಳದ ಹಣವಿದೆ. ಅದಿಲ್ಲದ ನಿಧಿ ಸವೆಯುತ್ತದೆ: ವರ್ಷಕ್ಕೆ ಶೇ. 5ರ ಬೆಲೆಯೇರಿಕೆ ಇದ್ದರೆ ಒಬ್ಬನೂ ಕಂತು ತಪ್ಪಿಸದಿದ್ದರೂ ಹತ್ತು ಲಕ್ಷದ ನಿಧಿಯಿಂದ ವರ್ಷಕ್ಕೆ ಸುಮಾರು ಐವತ್ತು ಸಾವಿರದ ಬೆಲೆ ಕರಗಿಹೋಗುತ್ತದೆ. ಇನ್ನು ಒಂದು ಊರಿನ ನೂರು ಮನೆಗಳು ತಿಂಗಳಿಗೆ ನೂರು ರೂಪಾಯಿ ಹಾಕಿದರೆ ವರ್ಷಕ್ಕೆ ಕೂಡುವುದು 1 ಲಕ್ಷ 20 ಸಾವಿರ. ಮಳೆಗಾಲದಲ್ಲಿ ಡೆಂಗಿ ಹಬ್ಬಿ ಆರು ಮನೆಯವರು ಒಟ್ಟಿಗೆ ಇಪ್ಪತ್ತು ಸಾವಿರ ಕೇಳಿದರೆ ಪೆಟ್ಟಿಗೆ ಬರಿದು. ಒಂದೂರಿನ ನಿಧಿ ಒಂಟಿಯಾಗಿ ನಿಲ್ಲಲಾರದು. ತಾಲ್ಲೂಕು ಮಟ್ಟದ ಒಕ್ಕೂಟ ಬೇಕು. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲೇ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ನಾಡಿಗೆ ಒಕ್ಕೂಟ ಹೊಸ ಪಾಠವೇನಲ್ಲ.

ಸಮುದಾಯ ಎಂದಾಕ್ಷಣ ಎಲ್ಲವೂ ಮೃದುವಾಗುತ್ತದೆಂಬ ಭ್ರಮೆ ನನಗಿಲ್ಲ. ಊರಿನ ನಿಧಿ ಊರಿನ ಜಾತಿಯ ಲೆಕ್ಕವನ್ನೇ ಪಾಲಿಸಿದರೆ ಕೇರಿಯ ಅರ್ಜಿ ಕೊನೆಗೆ ಬೀಳುತ್ತದೆ. ಸಾಲ ಕೇಳಲು ಕಾಯಿಲೆಯ ಹೆಸರು ಹೇಳಬೇಕಾದಾಗ ಕ್ಷಯ, ಗರ್ಭಕೋಶದ ತೊಂದರೆ, ಮನೋರೋಗ ಇದ್ದವರು ಬಾಯಿ ಬಿಡುವುದಿಲ್ಲ, ಸುಮ್ಮನೆ ಬಡ್ಡಿಯವನ ಮನೆಗೇ ಹೋಗುತ್ತಾರೆ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಆ ಕಿರುಕುಳದಲ್ಲಿ ಬಡ್ಡಿಯಷ್ಟೇ ಪಾತ್ರ ಗುಂಪು ಹೊಣೆಗಾರಿಕೆಯದೂ ಇದೆ. ಗುಂಪಿನ ಒಬ್ಬಳು ಕಂತು ತಪ್ಪಿಸಿದರೆ ಉಳಿದವರೇ ಬಾಗಿಲಿಗೆ ಬಂದು ಕೂರುತ್ತಾರೆ. ಕಾಯಿಲೆಯ ಸಾಲಕ್ಕೆ ಗುಂಪು ಜಾಮೀನು ಬೇಡ, ರೋಗಿ ತೀರಿಹೋದರೆ ಬಾಕಿ ಮನ್ನಾ ಆಗಬೇಕು, ಅರ್ಜಿ ನೋಡುವವರು ಇಬ್ಬರೋ ಮೂವರೋ ಇದ್ದರೆ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಂಥ ನಿಧಿಗಳಿಂದ ಸರ್ಕಾರ ಕೈತೊಳೆದುಕೊಳ್ಳುತ್ತದೆ ಎಂಬ ಭಯ ಸುಳ್ಳಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಇಲ್ಲದ್ದಕ್ಕೆ ಜನ ಸಾಲ ಎತ್ತಿದರೆ ಅದು ಸರ್ಕಾರದ ಬಾಕಿಯನ್ನು ಬಡವರು ತುಂಬಿದಂತೆ. ಆದರೆ ನಿಧಿಯ ಖಾತೆ ಪುಸ್ತಕವನ್ನು ಈ ಭಯದ ವಿರುದ್ಧವೇ ಬಳಸಬಹುದು. ಹೆಸರು ತೆಗೆದು, ಯಾವ ಔಷಧಿಗೆ, ಯಾವ ತಪಾಸಣೆಗೆ, ಎಷ್ಟು ಸಾಲ ಹೋಯಿತೆಂಬ ಪಟ್ಟಿಯನ್ನು ಪ್ರತಿ ವರ್ಷ ಗ್ರಾಮಸಭೆಯಲ್ಲಿ ಓದಿದರೆ ಸರ್ಕಾರದ ಮುಂದಿಡಲು ಅದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ.

ಈ ಸಂಕಿರಣದಲ್ಲಿ ಪ್ರಬಂಧ ಓದುವವರಲ್ಲಿ ನನ್ನದೊಂದು ಕೋರಿಕೆ. ಶೇಕಡಾ ಎಷ್ಟು ಸಾಲ ವಾಪಸಾಯಿತು ಎಂಬ ಅಂಕಿಯನ್ನಷ್ಟೇ ಕೊಟ್ಟು ಮುಗಿಸಬೇಡಿ. ಕಂತು ಕಟ್ಟಲು ಆ ಮನೆಗಳು ಏನು ಮಾರಿದವು, ಯಾವ ಮಗುವಿನ ಶಾಲೆ ಬಿಡಿಸಿದವು, ಯಾವ ಮಾತ್ರೆ ನಿಲ್ಲಿಸಿದವು ಎಂಬುದನ್ನೂ ಕೇಳಿ ಬರೆಯಿರಿ.