ಹೆಸರಿಲ್ಲದ ನೊಣಕ್ಕೆ ಹೆಸರಿಡುವುದು



ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ಓದುತ್ತಿರುವ ನಿಮಗೆ ಘಟ್ಟದ ಹಳ್ಳಗಳು ಹೊಸತಲ್ಲ. ಮಳೆಗಾಲ ಮುಗಿದ ಮೇಲೆ ಅಡಿಕೆ ತೋಟದ ಅಂಚಿನ ಹಳ್ಳದ ಬಳಿ ಬೆಳೆದ ಕೆಸುವಿನ ಎಲೆಗಳನ್ನು ಗಮನವಿಟ್ಟು ನೋಡಿ. ಅಕ್ಕಿಕಾಳಿನಷ್ಟು ಗಾತ್ರದ, ತಾಮ್ರದ ಹೊಳಪು ಬೆರೆತ ಹಸಿರು ಬಣ್ಣದ ನೊಣಗಳು ಅಲ್ಲಿ ಕಾಣಸಿಗುತ್ತವೆ. ಮೈ ಸಣ್ಣದು, ಕಾಲು ಉದ್ದ. ನೀವು ಕೈ ಚಾಚುವ ಮೊದಲೇ ಪಕ್ಕದ ಎಲೆಗೆ ಹಾರಿರುತ್ತವೆ.

ಇವೇ ಉದ್ದಗಾಲಿನ ನೊಣಗಳು. ಇವುಗಳ ಕುಟುಂಬದ ಶಾಸ್ತ್ರೀಯ ಹೆಸರು ಡೊಲಿಕೊಪೊಡಿಡೇ. ಗ್ರೀಕ್ ಮೂಲದ ಈ ಹೆಸರಿನ ಅರ್ಥವೂ ನೀಳವಾದ ಕಾಲು ಎಂದೇ. ಇವು ಹಸುವಿನ ಸಗಣಿಗೆ ಮುತ್ತುವ ನೊಣಗಳಂತಲ್ಲ. ಸಣ್ಣ ಹುಳುಗಳನ್ನು ಹಿಡಿದು ತಿನ್ನುವ ಬೇಟೆಗಾರರು. ಜಗತ್ತಿನಲ್ಲಿ ಈ ಒಂದೇ ಕುಟುಂಬದ 7,000ಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿಡಲಾಗಿದೆ. ಮರಗಳೇ ಬೆಳೆಯದಷ್ಟು ಚಳಿಯಿರುವ ಎತ್ತರದ ಬೆಟ್ಟಗಳ ಟಂಡ್ರಾ ಪ್ರದೇಶದಲ್ಲೂ ಇವು ಇವೆ, ಸಮುದ್ರದ ದಡದಲ್ಲೂ ಇವೆ. ಹೊಸ ಪ್ರಭೇದಗಳು ಇಂದಿಗೂ ಪತ್ತೆಯಾಗುತ್ತಿವೆ.

ಒಂದು ನೊಣ ಹೊಸ ಪ್ರಭೇದಕ್ಕೆ ಸೇರಿದ್ದು ಎಂದು ಹೇಳುವುದು ಹೇಗೆ?

ಮೊದಲ ಕೆಲಸ ಸಂಗ್ರಹ. ಬಲೆ ಬೀಸಿ ಹಿಡಿಯಬಹುದು. ಹಳದಿ ತಟ್ಟೆಯಲ್ಲಿ ಸಾಬೂನು ಬೆರೆಸಿದ ನೀರಿಟ್ಟರೂ ಆ ಬಣ್ಣಕ್ಕೆ ಬರುವ ನೊಣಗಳು ಬೀಳುತ್ತವೆ. ಪ್ರತಿಯೊಂದಕ್ಕೂ ಒಂದು ಚೀಟಿ ಬೇಕು: ಎಲ್ಲಿ, ಯಾವ ದಿನ, ಎಷ್ಟು ಎತ್ತರದಲ್ಲಿ, ಯಾರು ಹಿಡಿದರು. ಚೀಟಿಯಿಲ್ಲದ ನೊಣ ವಿಜ್ಞಾನಕ್ಕೆ ಹೆಚ್ಚು ಉಪಯೋಗಕ್ಕೆ ಬಾರದು.

ಎರಡನೆಯದು ಸೂಕ್ಷ್ಮದರ್ಶಕದ ಕೆಲಸ. ರೆಕ್ಕೆಯ ನರಗಳು, ಮೀಸೆಯ ಆಕಾರ, ಕಾಲಿನ ಒಂದೊಂದು ಬಿರುಗೂದಲಿನ ಸ್ಥಾನ, ಎಲ್ಲವನ್ನೂ ಅಳೆದು ಚಿತ್ರ ಬರೆಯಬೇಕು. ಉದ್ದಗಾಲಿನ ನೊಣಗಳಲ್ಲಿ ಅನೇಕ ಗಂಡುಗಳು ಕಾಲಿನ ಅಲಂಕಾರವನ್ನು ತೋರಿಸಿಯೇ ಹೆಣ್ಣನ್ನು ಒಲಿಸಿಕೊಳ್ಳುತ್ತವೆ. ಆದ್ದರಿಂದ ಕಾಲು ಮತ್ತು ಗಂಡಿನ ಜನನಾಂಗ, ಇವೆರಡೂ ಪ್ರಭೇದವನ್ನು ಗುರುತಿಸಲು ಮುಖ್ಯ.

ಮೂರನೆಯದು ಹೋಲಿಕೆ. ಈ ಹಿಂದೆ ವರ್ಣಿಸಲಾದ ಹತ್ತಿರದ ಪ್ರಭೇದಗಳೆಲ್ಲವನ್ನೂ ನೋಡಿ, ಇದು ಅವುಗಳಲ್ಲಿ ಯಾವುದೂ ಅಲ್ಲ ಎಂದು ತೋರಿಸಬೇಕು. ವರ್ಷಗಟ್ಟಲೆ ಸಮಯ ಹಿಡಿಯುವುದು ಇಲ್ಲಿಯೇ. ಅನಂತರ ಒಂದು ನೊಣವನ್ನು ಮೂಲಮಾದರಿ ಎಂದು ಆರಿಸಿ ಸಂಗ್ರಹಾಲಯದಲ್ಲಿ ಇಡುತ್ತಾರೆ. ಮುಂದೆ ಸಂದೇಹ ಬಂದವರು ಅದನ್ನೇ ನೋಡಬೇಕು. ನಮ್ಮ ದೇಶದಲ್ಲಿ 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಹೊಸ ಪ್ರಭೇದದ ಮಾದರಿಯನ್ನು ಗೊತ್ತುಪಡಿಸಿದ ಸಂಸ್ಥೆಗೆ ಒಪ್ಪಿಸಬೇಕು. ಕೊನೆಯಲ್ಲಿ, ಲಿನೇಯಸ್ 1758ರಲ್ಲಿ ಪ್ರಾಣಿಗಳಿಗೆಲ್ಲ ಬಳಸಿದ ಪದ್ಧತಿಯಂತೆ, ಎರಡು ಪದಗಳ ಹೆಸರು. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವ ವಾಡಿಕೆ ಇಲ್ಲ.

ಇಷ್ಟೆಲ್ಲ ಮಾಡಿ ಒಂದು ನೊಣಕ್ಕೆ ಹೆಸರಿಟ್ಟರೆ ಬಂದ ಲಾಭವೇನು ಎಂದು ನೀವು ಕೇಳಬಹುದು. ಉತ್ತರ ನಿಮ್ಮ ಜಿಲ್ಲೆಯ ಇತಿಹಾಸದಲ್ಲೇ ಇದೆ.

ಎರಡೇ ರೆಕ್ಕೆಯಿರುವ ಕೀಟಗಳ ಗಣಕ್ಕೆ ನೊಣ ಸೇರಿದಂತೆಯೇ ಸೊಳ್ಳೆಯೂ, ಅಂದರೆ ನಿಮ್ಮ ಮನೆಯಲ್ಲಿ ನುಸಿ ಎನ್ನುವುದೂ, ಸೇರಿದೆ. ಅನಾಫಿಲಿಸ್ ಕುಲದ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ಆದರೆ ಅನಾಫಿಲಿಸ್ ಎಂದರೆ ಒಂದೇ ಸೊಳ್ಳೆಯಲ್ಲ, ಹಲವು ಪ್ರಭೇದಗಳಿವೆ. ಅವುಗಳಲ್ಲಿ ರೋಗ ಹರಡುವುದು ಯಾವುದು? ಸುಂಕ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿ ಇ. ಎಚ್. ಐಟ್ಕೆನ್ ಗೋವೆಯ ಗಡಿಯ ಸುಂಕದ ಕಟ್ಟೆಗಳಲ್ಲಿ ಮಲೇರಿಯಾದ ಕಾರಣವನ್ನು ಪರಿಶೀಲಿಸುವಾಗ ಹೊಸ ಸೊಳ್ಳೆಯೊಂದನ್ನು ಕಂಡರು. ವೈದ್ಯಾಧಿಕಾರಿ ಎಸ್. ಪಿ. ಜೇಮ್ಸ್ ಅದಕ್ಕೆ ಅನಾಫಿಲಿಸ್ ಐಟ್ಕೆನಿ ಎಂದು ಹೆಸರಿಟ್ಟರು. ಜೇಮ್ಸ್ ವರ್ಣಿಸಿದ ಇನ್ನೊಂದು ಸೊಳ್ಳೆಗೆ ಕಾರವಾರದ ಹೆಸರೇ ಬಂತು: ಅನಾಫಿಲಿಸ್ ಕಾರ್ವಾರಿ. ಇದು ಸುಮಾರು 1903ರ ಮಾತು. ಅವರೇ 1902ರಲ್ಲಿ ವರ್ಣಿಸಿದ ಮತ್ತೊಂದು ಸೊಳ್ಳೆ ಅನಾಫಿಲಿಸ್ ಫ್ಲುವಿಯಾಟಿಲಿಸ್. ಇದು ನಿಧಾನವಾಗಿ ಹರಿಯುವ ತಿಳಿನೀರಿನ ಹಳ್ಳಗಳಲ್ಲಿ ಮೊಟ್ಟೆಯಿಡುತ್ತದೆ.

ಘಟ್ಟದ ಊರುಗಳನ್ನು ಪೀಡಿಸುತ್ತಿದ್ದ ಮಲೇರಿಯಾಕ್ಕೆ ಮುಖ್ಯ ಕಾರಣ ಈ ಫ್ಲುವಿಯಾಟಿಲಿಸ್, ಐಟ್ಕೆನಿ ಅಲ್ಲ. ಹೆಸರುಗಳು ಬೇರೆಯಾದ ಮೇಲೆ ಒಂದೊಂದರ ನಡವಳಿಕೆಯನ್ನೂ ಬೇರೆಬೇರೆಯಾಗಿ ತಿಳಿಯುವುದು ಸಾಧ್ಯವಾಯಿತು. ಫ್ಲುವಿಯಾಟಿಲಿಸ್ ಮನೆಯೊಳಗೆ ಬಂದು ಗೋಡೆಯ ಮೇಲೆ ಕೂರುತ್ತದೆ ಎಂದು ಗೊತ್ತಿದ್ದುದರಿಂದ, ಗೋಡೆಗೆ ಔಷಧ ಹೊಡೆದರೆ ಸಾಕು ಎಂದು ಯೋಚಿಸಬಹುದಾಯಿತು. ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲ. 1940ರ ದಶಕದ ನಡುವಿನಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್ ಕೆನರಾ ಹಾಗೂ ಧಾರವಾಡ ಜಿಲ್ಲೆಗಳ ಹಳ್ಳಿಮನೆಗಳಲ್ಲಿ ಡಿ.ಡಿ.ಟಿ. ಸಿಂಪಡಿಸಿ ಮಲೇರಿಯಾವನ್ನು ತಗ್ಗಿಸಿ ತೋರಿಸಿದರು. ದೇಶದ ಮಲೇರಿಯಾ ನಿಯಂತ್ರಣಕ್ಕೆ ಅದು ಮಾದರಿಗಳಲ್ಲಿ ಒಂದಾಯಿತು.

ಕತೆ ಅಲ್ಲಿಗೇ ಮುಗಿಯಲಿಲ್ಲ. ನೋಡಲು ಒಂದೇ ಥರ ಇರುವ ಫ್ಲುವಿಯಾಟಿಲಿಸ್‌ನಲ್ಲಿ ಮೂರು ಪ್ರಭೇದಗಳು ಅಡಗಿವೆ ಎಂದು ಸರಳಾ ಸುಬ್ಬರಾವ್ ಮತ್ತು ಸಂಗಡಿಗರು 1994ರಲ್ಲಿ ವರ್ಣತಂತುಗಳ ಅಧ್ಯಯನದಿಂದ ತೋರಿಸಿದರು. ಒಂದು ಮನುಷ್ಯರ ರಕ್ತವನ್ನು ಬಯಸುತ್ತದೆ, ಉಳಿದೆರಡು ಹೆಚ್ಚಾಗಿ ದನಕರುಗಳದನ್ನು.

ಹೆಸರು ಬೇಕಾಗುವುದು ವೈರಿಯನ್ನು ಗುರುತಿಸುವುದಕ್ಕೆ ಮಾತ್ರವಲ್ಲ. ಹೊನ್ನಾವರದಿಂದ ಜೋಗದ ಕಡೆ ಘಟ್ಟ ಹತ್ತಿದರೆ ಕತ್ತಲೆಕಾನು ಸಿಗುತ್ತದೆ. ಅಲ್ಲಿನ ಜೌಗು ಕಾಡಿನ ಒಂದು ಮರಕ್ಕೆ 2000ದಲ್ಲಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಹೆಸರು ಬಂತು. ಹೆಸರು ಬಂದ ಮೇಲೆ ಎಣಿಕೆ ನಡೆಯಿತು. ಉಳಿದಿರುವ ಮರಗಳು ತೀರ ಕಡಿಮೆ ಎಂದು ತಿಳಿಯಿತು. ಅದೇ ಕಾನಿನ ಹಳ್ಳದಲ್ಲಿ, ಹಿಂಗಾಲ ಮೇಲೆ ನಿಂತು ಮೊಟ್ಟೆಗಳಿಗೆ ಕೆಸರು ಮೆತ್ತುವ ಕಪ್ಪೆಯನ್ನು ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ವರ್ಣಿಸಿದರು. ಅದಕ್ಕೆ ಅವರು ಇಟ್ಟ ಹೆಸರಿನಲ್ಲಿ ನಮ್ಮ ಕನ್ನಡದ ಪದವೇ ಇದೆ: ನಿಕ್ಟಿಬ್ಯಾಟ್ರಾಕಸ್ ಕುಂಬಾರ. ಹೆಸರಿಲ್ಲದ ಜೀವಿಯನ್ನು ಯಾವ ಪಟ್ಟಿಯಲ್ಲೂ ಸೇರಿಸಲಾಗದು. ಹಳ್ಳವೊಂದು ಬತ್ತಿದಾಗ ಅದರೊಂದಿಗೆ ಏನು ಹೋಯಿತು ಎಂದು ಹೇಳುವವರೂ ಇರುವುದಿಲ್ಲ.

ನೀವೇನು ಮಾಡಬಹುದು? ಕಾಡಿನಿಂದ ಕೀಟ ಹಿಡಿದು ತರಲು ಅರಣ್ಯ ಇಲಾಖೆಯ ಅನುಮತಿ ಬೇಕು; ನೋಡಿ ಬರೆದಿಡುವುದಕ್ಕೆ ಬೇಡ. ನಿಮ್ಮ ಊರಿನ ಒಂದೇ ಒಂದು ಹಳ್ಳವನ್ನು ಆರಿಸಿಕೊಳ್ಳಿ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಅರ್ಧ ಗಂಟೆ ಕುಳಿತು, ಎಲೆಗಳ ಮೇಲೆ ಕಂಡ ಕೀಟಗಳ ಚಿತ್ರ ಬರೆಯಿರಿ ಅಥವಾ ಫೋಟೋ ತೆಗೆಯಿರಿ. ದಿನಾಂಕ, ಹೊತ್ತು, ಸ್ಥಳವನ್ನು ತಪ್ಪದೆ ನಮೂದಿಸಿ. ವರ್ಷ ಕಳೆದ ಮೇಲೆ ಆ ಪುಸ್ತಕವನ್ನು ನಿಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಅಧ್ಯಾಪಕರಿಗೆ ತೋರಿಸಿ. ಯಾವ ಪುಸ್ತಕದ ವರ್ಣನೆಗೂ ಹೊಂದದ ನೊಣವೊಂದು ಅದರಲ್ಲಿ ಇದ್ದರೆ, ಅದನ್ನು ಹುಡುಕಿಕೊಂಡು ಬರುವವರಿಗೆ ಹಳ್ಳದ ದಾರಿ ತೋರಿಸಬೇಕಾದವರು ನೀವೇ.